ಚೆನ್ನೈ ಸೆಖೆಗೆ ಎಂಥ ಹೆಣಿಗೆ?

ಚೆನ್ನೈ ನಗರದ ಹವಾಮಾನ ದಾಖಲೆಯಲ್ಲಿ ಅತಿ ಕಡಿಮೆ ಎಂದು ನಮೂದಾಗಿರುವ ಉಷ್ಣಾಂಶ 13.9 ಡಿಗ್ರಿ ಸೆಲ್ಸಿಯಸ್. ಒಮ್ಮೆ 1895ರ ಡಿಸೆಂಬರಿನಲ್ಲಿ, ಇನ್ನೊಮ್ಮೆ 1905ರ ಜನವರಿಯಲ್ಲಿ. ಬೆಂಗಳೂರಿನವರು ಇದನ್ನು ಚಳಿಯೆಂದು ಒಪ್ಪಿಕೊಳ್ಳುವುದೂ ಕಷ್ಟ. ಆದರೂ ಕೈಯಲ್ಲಿ ಹೆಣೆದ, ಅಲ್ಲಿಯವರೆಗೆ ಜಗತ್ತಿನಲ್ಲೇ ಅತಿ ದೊಡ್ಡದಾದ ಕ್ರೋಶ ಕಂಬಳಿ ನೆಲದ ಮೇಲೆ ಹರಡಿಕೊಂಡದ್ದು ಇದೇ ಊರಿನಲ್ಲಿ, 2016ರ ಜನವರಿ 31ರಂದು. ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಹೆಂಗಸರ ಬಳಗ ಸೇರಿಸಿ ಹೊಲಿದ ಆ ಕಂಬಳಿಯ ವಿಸ್ತಾರ 11,148.5 ಚದರ ಮೀಟರ್, ಅಂದರೆ ಸುಮಾರು ಎರಡೂಮುಕ್ಕಾಲು ಎಕರೆ. ಗಿನ್ನೆಸ್ ದಾಖಲೆಯಾಯಿತು, ಪತ್ರಿಕೆಗಳಲ್ಲಿ ಚಿತ್ರ ಬಂತು. ಆದರೆ ಅದರಲ್ಲಿ ನಿಜವಾಗಿ ಮೆಚ್ಚಬೇಕಾದ್ದು ಅಳತೆಯಲ್ಲ. ಅದು ಒಂದೇ ಕಂಬಳಿಯಾಗಿರಲಿಲ್ಲ. ಬಿಡಿ ಬಿಡಿ ಹೊದಿಕೆಗಳನ್ನು ಅಂಚಿಗೆ ಅಂಚು ಕೂಡಿಸಿದ್ದರು, ಪ್ರದರ್ಶನ ಮುಗಿದ ಮೇಲೆ ಬಿಚ್ಚಿ ಇಲ್ಲದವರಿಗೆ ಹಂಚುವ ಉದ್ದೇಶದಿಂದಲೇ. ನೋಡುವುದಕ್ಕೆ ಮಾಡಿದ ವಸ್ತು ಮುಂದೆ ಯಾರ ಮೈಮೇಲೆ ಹೋಗಬೇಕು ಎಂಬುದನ್ನು ಮೊದಲೇ ಯೋಚಿಸಿದ್ದರು. ಹಬ್ಬಕ್ಕೆಂದು ಮನೆಯಲ್ಲಿ ಕೂತು ಉಡುಗೊರೆ ಹೆಣೆಯುವ ನಾವು ಸಾಮಾನ್ಯವಾಗಿ ಮರೆಯುವುದು ಇಷ್ಟನ್ನೇ. ಕೈಯಾರೆ ಮಾಡಿದ್ದು ಎಂಬ ಹೆಮ್ಮೆಯಲ್ಲಿ, ಅದು ಇನ್ನೊಬ್ಬರ ಬಳಕೆಗೆ ಎಂಬುದೇ ಹಿಂದೆ ಸರಿಯುತ್ತದೆ.

ಉಪಯೋಗಕ್ಕೆ ಬಾರದ ಉಡುಗೊರೆಯ ಕಥೆ ನಮಗೇನೂ ಹೊಸದಲ್ಲ. ನವರಾತ್ರಿಯಲ್ಲಿ ಗೊಂಬೆ ನೋಡಲು ಹೋದವರಿಗೆ ತಾಂಬೂಲದ ಜೊತೆ ಕೊಡುವ ರವಿಕೆ ಕಣ ಮಾಂಬಲದ ಮನೆಯಿಂದ ಮೈಲಾಪುರಕ್ಕೆ, ಅಲ್ಲಿಂದ ಅಡ್ಯಾರಿಗೆ ಸುತ್ತಿ, ಕತ್ತರಿಯನ್ನೇ ಕಾಣದೆ ಮುಂದಿನ ವರ್ಷ ಹೊರಟಲ್ಲಿಗೇ ಬಂದರೂ ಆಶ್ಚರ್ಯವಿಲ್ಲ. ಸನ್ಮಾನದ ಶಾಲಿನದೂ ಇದೇ ಗತಿ. 2023ರಲ್ಲಿ ಮುಖ್ಯಮಂತ್ರಿಯಾದ ಹೊಸದರಲ್ಲಿ ಸಿದ್ದರಾಮಯ್ಯನವರು ಹಾರ, ಶಾಲು ಬೇಡ, ಕೊಡಲೇಬೇಕೆಂದಿದ್ದರೆ ಪುಸ್ತಕ ಕೊಡಿ ಎಂದರು; ತಮಿಳುನಾಡಿನಲ್ಲಿ ಸ್ಟಾಲಿನ್ ಅದಕ್ಕೂ ಮೊದಲೇ ಇದೇ ಮಾತು ಹೇಳಿದ್ದರು. ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗಲ್ 1993ರ ಪ್ರಬಂಧವೊಂದರಲ್ಲಿ ಕ್ರಿಸ್ಮಸ್ ಉಡುಗೊರೆಗಳ ಲೆಕ್ಕ ಹಾಕಿ, ಕೊಟ್ಟವರು ಸುರಿದ ಹಣದಲ್ಲಿ ಹತ್ತನೆಯ ಒಂದು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಪಡೆದವರ ಕಣ್ಣಲ್ಲಿ ಬೆಲೆಯೇ ಇಲ್ಲದೆ ಹೋಗುತ್ತದೆ ಎಂದು ಅಂದಾಜಿಸಿದರು. ಕೈಹೆಣಿಗೆಯ ವಿಷಯದಲ್ಲಿ ಈ ನಷ್ಟಕ್ಕೆ ಒಂದು ಮುಜುಗರವೂ ಸೇರುತ್ತದೆ. ಅಂಗಡಿಯ ಡಬ್ಬಿಯನ್ನು ಇನ್ನೊಂದು ಮನೆಗೆ ದಾಟಿಸಬಹುದು. ಅತ್ತಿಗೆ ಮೂರು ತಿಂಗಳು ಕಣ್ಣು ನೋಯಿಸಿಕೊಂಡು ಹೆಣೆದ ಉಲ್ಲನ್ ಮಫ್ಲರನ್ನು ದಾಟಿಸುವ ಹಾಗಿಲ್ಲ, ಎಸೆಯುವ ಹಾಗಿಲ್ಲ, ಚೆನ್ನೈಯಲ್ಲಿ ಹಾಕಿಕೊಳ್ಳುವ ಹಾಗಂತೂ ಇಲ್ಲವೇ ಇಲ್ಲ. ಅದು ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಕೂತು, ಬಾಗಿಲು ತೆಗೆದಾಗಲೆಲ್ಲ ಪಡೆದವರನ್ನೇ ತಪ್ಪಿತಸ್ಥರನ್ನಾಗಿ ಮಾಡುತ್ತದೆ.

ಇದಕ್ಕೆ ಕಾರಣ ಪ್ರೀತಿಯ ಕೊರತೆಯಲ್ಲ. ತಾನು ಮಾಡಿದ್ದಕ್ಕೆ ಮನುಷ್ಯ ತಾನೇ ಹೆಚ್ಚು ಬೆಲೆ ಕಟ್ಟುತ್ತಾನೆ. ನಾರ್ಟನ್, ಮೊಚೊನ್, ಏರಿಯಲಿ ಎಂಬ ಮೂವರು ಸಂಶೋಧಕರು ಪ್ರಯೋಗ ಮಾಡಿ ಇದನ್ನು ತೋರಿಸಿ, ಬಿಡಿಭಾಗ ಜೋಡಿಸಿಕೊಳ್ಳುವ ಪೀಠೋಪಕರಣದ ಕಂಪನಿಯ ನೆನಪಿಗೆ ‘ಐಕಿಯಾ ಪರಿಣಾಮ’ ಎಂದು ಹೆಸರಿಟ್ಟರು. ಹೆಣೆಯುವ ಕೈಗೆ ಪ್ರತಿ ಸಾಲೂ ನೆನಪಿರುತ್ತದೆ: ಇಲ್ಲಿ ಮನೆ ತಪ್ಪಿತು, ಇಲ್ಲಿ ಬಿಚ್ಚಿ ಮತ್ತೆ ಹಾಕಿದೆ. ಪಡೆದವರಿಗೆ ಕಾಣುವುದು ಕುತ್ತಿಗೆಗೆ ಚುಚ್ಚುವ ಬಟ್ಟೆ ಮಾತ್ರ. ಒಂದು ಕಾಲದಲ್ಲಿ ಮಧ್ಯಮ ವರ್ಗದ ಮನೆಗಳಲ್ಲಿ ರೇಡಿಯೊ, ಟೀವಿ, ಟೀಪಾಯಿಗಳೆಲ್ಲ ಬಿಳಿ ಕ್ರೋಶದ ಮುಸುಕು ಹೊದ್ದು ಕೂತಿದ್ದು ಹೀಗೆಯೇ. ಯಾರೂ ಬೇಡ ಎನ್ನಲಾರದ್ದರಿಂದ ಬೇಡ ಎನ್ನಲಾರದ ವಸ್ತುಗಳಿಗೆ ಹೊದಿಸಿದರು. ಬೇಕೆಂದು ಕೇಳಿದ್ದರೂ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಫಿಲಿಪ್ ದ್ವೀಪದ ನಿದರ್ಶನವಿದೆ. ತೈಲ ಮೆತ್ತಿದ ಪುಟ್ಟ ಪೆಂಗ್ವಿನ್‌ಗಳಿಗೆ ತೊಡಿಸಲು ಅಲ್ಲಿನವರು ಸ್ವೆಟರ್ ಕೇಳಿದ್ದರು. ಜಗತ್ತಿನ ಮೂಲೆಮೂಲೆಯಿಂದ ಬಂದ ಸ್ವೆಟರುಗಳು ಎಷ್ಟಾದವೆಂದರೆ, ಮಿಕ್ಕವನ್ನು ಗೊಂಬೆ ಪೆಂಗ್ವಿನ್‌ಗಳಿಗೆ ತೊಡಿಸಿ ಮಾರಬೇಕಾಯಿತು. ನಮ್ಮ ಕೌದಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಉತ್ತರ ಕರ್ನಾಟಕದಲ್ಲಿ ಹಳೆ ಸೀರೆ, ಹರಿದ ಧೋತರ ಪದರ ಪದರವಾಗಿ ಹಾಸಿ ಹೊಲಿದ ಕೌದಿ ಮಗಳ ಮನೆಗೆ ಹೋಗುವುದು ತೋರಿಸುವುದಕ್ಕಲ್ಲ. ಮಲಗುವುದಕ್ಕೆ, ಕೂಸು ಒದ್ದೆ ಮಾಡುವುದಕ್ಕೆ, ಒಗೆದು ಒಗೆದು ಇನ್ನಷ್ಟು ಮೆತ್ತಗಾಗುವುದಕ್ಕೆ. ಕೌದಿ ಹರಿದರೆ ಯಾರಿಗೂ ಬೇಸರವಾಗುವುದಿಲ್ಲ, ಅದರ ಮೇಲೊಂದು ತೇಪೆ ಬೀಳುತ್ತದೆ.

ಹಾಗಾದರೆ ಚೆನ್ನೈಗೆ ಹೆಣಿಗೆಯೇ ಬೇಡವೇ? ಸೆಖೆಯೂರಿಗೆ ನೂಲಿನ ಟೋಪಿ ಯಾಕೆ ಎಂದು ಕೇಳುವವರು ಹೆರಿಗೆ ವಾರ್ಡನ್ನು ಮರೆತಿರುತ್ತಾರೆ. ಈಗಷ್ಟೇ ಹುಟ್ಟಿದ ಕೂಸಿನ ಮೈ ಒದ್ದೆ. ಹೊರಗೆ ಎಷ್ಟೇ ಬಿಸಿಲಿದ್ದರೂ ಆ ತೇವ ಆರುವಾಗ ಶಾಖವನ್ನು ಕೊಂಡೊಯ್ಯುತ್ತದೆ. ದಿನ ತುಂಬದೆ ಹುಟ್ಟಿದ ಮಗುವಿನ ಚರ್ಮದಡಿ ಕೊಬ್ಬು ತೀರ ಕಡಿಮೆ, ಮೈಗೆ ಹೋಲಿಸಿದರೆ ತಲೆ ದೊಡ್ಡದು. ನವಜಾತ ಶಿಶುವಿನ ಮೈ ಬಿಸಿ 36.5ರಿಂದ 37.5 ಡಿಗ್ರಿಯೊಳಗೆ ಇರಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆ ಒಣಗಿಸುವುದು, ತಾಯಿಯ ಎದೆಗೆ ಚರ್ಮ ತಾಗುವಂತೆ ಮಲಗಿಸುವುದು, ತಲೆಗೆ ಟೋಪಿ ಹಾಕುವುದು ಇವನ್ನೆಲ್ಲ ಒಟ್ಟಿಗೇ ಹೇಳುತ್ತದೆ. ತೂಕ ತೀರ ಕಡಿಮೆಯಿರುವ ಮಕ್ಕಳನ್ನು ಹುಟ್ಟಿದ ಕೂಡಲೇ ಹೀಗೆ ಎದೆಗವಚಿಕೊಂಡರೆ ಸಾವು ಸುಮಾರು ಶೇ. 25ರಷ್ಟು ತಗ್ಗುತ್ತದೆ ಎಂಬುದು ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ. ಜೀವ ಉಳಿಸಿದ್ದು ಟೋಪಿ ಎಂದು ಇದರರ್ಥವಲ್ಲ, ಉಳಿಸಿದ್ದು ತಾಯಿಯ ಮೈ. ಆದರೆ ಆ ಅಪ್ಪುಗೆಯಲ್ಲಿ ಹೊರಗೆ ಉಳಿಯುವುದು ತಲೆಯೊಂದೇ, ಅದಕ್ಕೊಂದು ಕುಲಾವಿ ಬೇಕು. ಅಜ್ಜಿಯರು ವೈದ್ಯಶಾಸ್ತ್ರ ಓದದೆ ಕುಲಾವಿ, ಕುಂಚಿಗೆ ಹೊಲಿಯುತ್ತಿದ್ದರು. ಇಲ್ಲೂ ಅಂದಾಜಿನ ಪ್ರೀತಿ ಸಾಲದು. ತುಂಬುತಿಂಗಳ ಮಗುವಿನ ತಲೆಯ ಸುತ್ತಳತೆ 34-35 ಸೆಂಟಿಮೀಟರ್. ಮೂವತ್ತು ವಾರಕ್ಕೆ ಹುಟ್ಟಿದ್ದರದು 28ರ ಆಸುಪಾಸು. ದೊಡ್ಡದಾದರೆ ಕಣ್ಣಿನ ಮೇಲೆ ಜಾರುತ್ತದೆ. ಗುಂಡಿ, ಮಣಿ, ಉದುರುವ ಎಳೆ ಇರಕೂಡದು, ಬಿಸಿನೀರಿನ ಒಗೆತ ತಡೆಯಬೇಕು. ಆಸ್ಪತ್ರೆಗೆ ಕೊಡುವುದಾದರೆ ಅಲ್ಲಿನ ನರ್ಸಮ್ಮನನ್ನು ಕೇಳಿಯೇ ಕಡ್ಡಿ ಎತ್ತಿಕೊಳ್ಳಬೇಕು.

ನೂಲಿನ ಆಯ್ಕೆಯಲ್ಲೂ ಇದೇ ವಿವೇಕ ಬೇಕು. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಅಕ್ರಿಲಿಕ್. ಬಣ್ಣ ಚೆಂದ, ಬೆಲೆ ಅಗ್ಗ, ಬೆವರು ಮಾತ್ರ ಹೀರುವುದಿಲ್ಲ. ಅಡುಗೆಮನೆಗೆ ತಂದರೆ ಅದು ಅಪಾಯವೇ. ಬಿಸಿ ಬಾಣಲೆಗೆ ತಾಗಿದರೆ ಕರಗಿ ಅಂಟುತ್ತದೆ. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗೆ ಎರಡು ಪದರದ ದಪ್ಪ ಹತ್ತಿ ನೂಲೇ ಸರಿ. ತಮಿಳುನಾಡು 2019ರ ಜನವರಿಯಿಂದ ಬಿಸಾಡುವ ಪ್ಲಾಸ್ಟಿಕ್ಕನ್ನು ನಿಷೇಧಿಸಿ, 2021ರ ಡಿಸೆಂಬರಿನಲ್ಲಿ ‘ಮೀಂಡುಂ ಮಂಜಪ್ಪೈ’ ಎಂದು ಹಳದಿ ಬಟ್ಟೆಚೀಲವನ್ನು ಮರಳಿ ಕರೆದ ರಾಜ್ಯ. ಹೆಣೆದ ಚೀಲಕ್ಕೆ ಇಲ್ಲಿ ಕೆಲಸವಿದೆ, ಆದರೆ ಕಣ್ಣು ದೊಡ್ಡದಾದರೆ ಸಾಂಬಾರ್ ಈರುಳ್ಳಿ ರಸ್ತೆಗೆ ಉದುರುತ್ತದೆ, ಹಿಡಿ ಸಡಿಲವಾದರೆ ಎರಡು ಕಿಲೊ ಆಲೂಗಡ್ಡೆಗೆ ಚೀಲ ಮೊಣಕಾಲಿಗೆ ಇಳಿಯುತ್ತದೆ. ಮಾರ್ಗಳಿಯ ಸಂಗೀತ ಸಭೆಗಳಿಗೆ ಹೋಗುವ ಹಿರಿಯರನ್ನೂ ನೆನೆಯಬಹುದು. ಚೆನ್ನೈಯ ನಿಜವಾದ ಚಳಿ ಇರುವುದು ಬೀದಿಯಲ್ಲಲ್ಲ, ಎಸಿ ಸಭಾಂಗಣದಲ್ಲಿ. ಮೂರು ಗಂಟೆಯ ಕಚೇರಿ ಕೇಳಲು ಬೇಕಾದ್ದು ಕೈಚೀಲದಲ್ಲಿ ಮಡಚಿ ಇಡಬಹುದಾದ ತೆಳು ಹತ್ತಿ ಶಾಲು.

ಈ ವಾದಕ್ಕೆ ಎದುರು ಮಾತುಗಳಿವೆ, ಹಗುರವಾದವೂ ಅಲ್ಲ. ತಿರುಪ್ಪೂರಿನ ಯಂತ್ರಗಳು ದಿನವಿಡೀ ಹೆಣೆದು ಸುರಿಯುವಾಗ ಕೈಯಲ್ಲಿ ಯಾಕೆ ಒದ್ದಾಡಬೇಕು ಎಂಬುದು ಮೊದಲನೆಯದು. ಬನಿಯನ್ನಿಗೆ ಸ್ಪರ್ಧೆ ಕೊಡಲು ಹೋದರೆ ಕೈ ಸೋಲುತ್ತದೆ, ಒಪ್ಪೋಣ. ಕೈ ಗೆಲ್ಲುವುದು ಒಂದೇ ಮೈಗೆ ಅಳತೆ ಹಿಡಿಯಬೇಕಾದಲ್ಲಿ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದವರಿಗೆ ಬ್ರಾ ಒಳಗೆ ಇಟ್ಟುಕೊಳ್ಳಲು ಹೆಣೆದ ಕೃತಕ ಸ್ತನ ಇದಕ್ಕೆ ಸ್ಪಷ್ಟ ಸಾಕ್ಷಿ. ಸಿಲಿಕಾನಿನದು ಭಾರ, ದುಬಾರಿ, ಸೆಖೆಯಲ್ಲಿ ಬೆವರುಗುಳ್ಳೆ ಬೇರೆ. ಹತ್ತಿ ನೂಲಿನದು ಹಗುರ, ತೊಳೆಯಬಹುದು, ಒಳಗಿನ ತುಂಬುವಿಕೆ ಕೂಡಿಸಿ ಕಳೆದು ಗಾತ್ರ ಹೊಂದಿಸಬಹುದು. ಮುಂಬಯಿಯ ‘ಸಾಯಿಶಾ’ ಸಂಸ್ಥೆಯ ಸ್ವಯಂಸೇವಕಿಯರು ಇವನ್ನು ಹೆಣೆದು ಉಚಿತವಾಗಿ ಕೊಡುತ್ತಾರೆ. 1954ರಿಂದ ಅಡ್ಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆಯಿರುವ ಊರಿನಲ್ಲಿ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರ: ಉಪಯೋಗ ಉಪಯೋಗ ಎಂದು ಹೆಂಗಸರ ಬಿಡುವನ್ನೂ ದುಡಿಮೆ ಮಾಡುತ್ತಿದ್ದೀರಲ್ಲ? ಆಂಧ್ರದ ನರಸಾಪುರದಲ್ಲಿ ಕ್ರೋಶ ಲೇಸು ಹೆಣೆಯುವವರ ಬಗ್ಗೆ ಮರಿಯಾ ಮೀಸ್ 1982ರಲ್ಲಿ ಬರೆದ ಪುಸ್ತಕ ತೋರಿಸಿದ್ದೂ ಇದನ್ನೇ. ಜಗತ್ತಿನ ಮಾರುಕಟ್ಟೆಗೆ ಮಾಲು ಒದಗಿಸುತ್ತಿದ್ದವರನ್ನು ಮನೆಯಲ್ಲಿ ಸುಮ್ಮನೆ ಕೂತ ಗೃಹಿಣಿಯರೆಂದು ಕರೆದು ಕೂಲಿ ಕಡಿದರು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಅಸಲಿ ಕ್ರೋಶದ ಹಿಂದೆ ಇವತ್ತಿಗೂ ಯಾರದೋ ಕೈಯೇ ಇರುತ್ತದೆ. ಆದರೆ ಆ ದುಡಿಮೆಗೆ ಗೌರವ ಬರುವುದು ಅದನ್ನು ಗಾಜಿನ ಕಪಾಟಿನಲ್ಲಿಟ್ಟು ‘ಎಷ್ಟು ಚೆಂದ’ ಎಂದರೆ ಅಲ್ಲ. ಒಂದು ಮಸಿಬಟ್ಟೆ ಎರಡು ವರ್ಷ ಬಾಳಿದರೆ, ಹೆಣೆದ ಗಂಟೆಗಳು ದಿನವೂ ಯಾರದೋ ಬೆರಳನ್ನು ಕಾಯುತ್ತಿರುತ್ತವೆ. ಹೆಣೆಯುವ ಸುಖಕ್ಕಾಗಿಯೇ ಹೆಣೆಯುತ್ತೇನೆ ಎನ್ನುವವರೊಡನೆ ನನಗೆ ತಕರಾರಿಲ್ಲ. ಹಾಗೆ ಹೆಣೆದದ್ದನ್ನು ಅವರೇ ಇಟ್ಟುಕೊಳ್ಳಲಿ, ಅಥವಾ ಬಿಚ್ಚಿ ಮತ್ತೆ ಹೆಣೆಯಲಿ. ನೂಲಿಗಿರುವ ದೊಡ್ಡ ಸೌಲಭ್ಯವೇ ಅದು.

ಕೇಳಿ ಕೊಟ್ಟರೆ ಉಡುಗೊರೆಯ ಅಚ್ಚರಿ ಎಲ್ಲಿ ಉಳಿಯಿತು ಎನ್ನುತ್ತಾರೆ. ಕೇಳಿದ್ದನ್ನೇ ಪಡೆದವರು ಹೆಚ್ಚು ಸಂತೋಷಪಡುತ್ತಾರೆ, ಕೇಳದ್ದನ್ನು ಕೊಟ್ಟರೂ ಅಷ್ಟೇ ಮೆಚ್ಚುತ್ತಾರೆ ಎಂದುಕೊಳ್ಳುವವರು ಕೊಡುವವರು ಮಾತ್ರ ಎಂದು ಜೀನೊ ಮತ್ತು ಫ್ಲಿನ್ 2011ರಲ್ಲೇ ಪ್ರಯೋಗಗಳಿಂದ ತೋರಿಸಿದ್ದಾರೆ. ಅಮೆರಿಕದ ಪ್ರಯೋಗಗಳಲ್ಲಿ ಸಿಗದ ತೊಡಕೊಂದು ನಮ್ಮಲ್ಲಿದೆ. ‘ನಿಮಗೇನು ಬೇಕು?’ ಎಂದು ಕೇಳಿದರೆ ನಮ್ಮವರು ‘ಅಯ್ಯೋ, ಏನೂ ಬೇಡಪ್ಪ’ ಎನ್ನುತ್ತಾರೆ, ಮೈಲಾಪುರದ ಮಾಮಿಯೂ ಅಷ್ಟೆ, ಮಲ್ಲೇಶ್ವರದ ಅತ್ತೆಯೂ ಅಷ್ಟೆ. ಆಗ ಬಾಯಿಂದಲ್ಲ, ಮನೆಯಿಂದ ಉತ್ತರ ತಿಳಿಯಬೇಕಾಗುತ್ತದೆ. ಹಬ್ಬಕ್ಕೆ ಎರಡು ತಿಂಗಳಿರುವಾಗ ಕಾಫಿ ಲೋಟ ಇಡಲು ಅಡುಗೆಮನೆಯವರೆಗೆ ಹೋದರೆ ಸಾಕು. ಒಲೆಯ ಪಕ್ಕದ ಮೊಳೆಯಲ್ಲಿ ನೇತಾಡುವ ಬಟ್ಟೆಯ ಒಂದು ಮೂಲೆ ಸುಟ್ಟು ಕರಕಲಾಗಿರುತ್ತದೆ. ಎಷ್ಟಗಲ, ಎಷ್ಟು ದಪ್ಪ, ನೇತುಹಾಕಲು ಕುಣಿಕೆ ಯಾವ ಬದಿಗೆ ಎಂಬುದೆಲ್ಲ ಅದರಲ್ಲೇ ಇರುತ್ತದೆ.