ಬರೀ ಮೈಕ್ರೋಹೆನ್ರಿ ಕೇಳಿದ್ರೆ ಸಾಲದು

ಹೋದ ಸೆಮಿಸ್ಟರ್ ಮಿನಿ ಪ್ರಾಜೆಕ್ಟಿಗೆ ನವನಗರದ ನಮ್ಮ ರೂಮಿನಲ್ಲಿ ಕೂತು 12 ವೋಲ್ಟನ್ನು 5 ವೋಲ್ಟ್ ಮಾಡೋ ಬಕ್ ಕನ್ವರ್ಟರ್ ಕಟ್ಟಿದ್ವಿ. ಐಸಿ ಎಲ್‌ಎಂ2596, ಇಂಡಕ್ಟರ್ 33 ಮೈಕ್ರೋಹೆನ್ರಿ. ಹುಬ್ಬಳ್ಳಿಗೆ ಹೋಗಿ "33 ಮೈಕ್ರೋಹೆನ್ರಿ ಕೊಡ್ರಿ" ಅಂದ್ವಿ. ರೆಸಿಸ್ಟರ್ ಥರ ಕಾಣೋ ಪುಟ್ಟದೊಂದು ಸಿಕ್ತು. ಲೋಡ್ ಕಡಿಮೆ ಇದ್ದಾಗ ಎಲ್ಲಾ ಚಲೋ ಇತ್ತು. 2 ಆಂಪಿಯರ್ ಎಳೆದ ಕೂಡಲೇ ಐಸಿ ಮುಟ್ಟಲಾಗದಷ್ಟು ಬಿಸಿ, ಇಂಡಕ್ಟರ್‌ನಿಂದ ಸುಟ್ಟ ವಾಸನೆ. ಐಸಿ ಡೂಪ್ಲಿಕೇಟ್ ಅಂತ ಬೈದು ಇನ್ನೊಂದು ಹಾಕಿದ್ವಿ. ಅದರದ್ದೂ ಅದೇ ಗತಿ.

ತಪ್ಪು ಐಸಿಯದ್ದಲ್ಲ, ನಮ್ಮದು. ಪರೀಕ್ಷೆಯ ಲೆಕ್ಕದಲ್ಲಿ ಇಂಡಕ್ಟನ್ಸ್ ಯಾವಾಗಲೂ ಸ್ಥಿರ. ನಿಜವಾದ ಕೋರ್ ಒಂದು ಮಿತಿ ದಾಟಿದ ಮೇಲೆ ಸ್ಯಾಚುರೇಟ್ ಆಗ್ತದೆ. ಇಂಡಕ್ಟನ್ಸ್ ಕುಸಿದು ಕರೆಂಟ್ ಒಮ್ಮೆಲೇ ಜಿಗಿಯುತ್ತದೆ. ಈ ಐಸಿ 150 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗ್ತದೆ. ನಮ್ಮ ಸರ್ಕ್ಯೂಟಿನಲ್ಲಿ ರಿಪಲ್ ಸುಮಾರು 0.6 ಆಂಪಿಯರ್. ಅಂದ್ರೆ 2 ಆಂಪಿಯರ್ ಲೋಡಿಗೆ ಪೀಕ್ 2.3 ಆಂಪಿಯರ್. ಅದಕ್ಕಿಂತ ಹೆಚ್ಚು ಸ್ಯಾಚುರೇಶನ್ ಕರೆಂಟ್ ಇರೋ ಇಂಡಕ್ಟರ್ ಬೇಕಿತ್ತು. ನಾವು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ತಂತಿಯ ರೆಸಿಸ್ಟೆನ್ಸ್ ಕೂಡ ನೋಡಿರಲಿಲ್ಲ. ಅದು ಅರ್ಧ ಓಮ್ ಇದ್ರೂ 2 ಆಂಪಿಯರ್‌ಗೆ 2 ವ್ಯಾಟ್ ಬರೀ ಶಾಖ.

ಕೋರ್ ವಿಷಯವೂ ಹಾಗೇ. ಫೆರೈಟ್‌ನಲ್ಲಿ ಹೈ ಫ್ರೀಕ್ವೆನ್ಸಿ ನಷ್ಟ ಕಡಿಮೆ, ಆದ್ರೆ ಸ್ಯಾಚುರೇಟ್ ಆಗೋವಾಗ ಥಟ್ಟನೆ ಆಗ್ತದೆ. ಅದಕ್ಕೇ ನಡುವೆ ಗಾಳಿಯ ಸಣ್ಣ ಗ್ಯಾಪ್ ಬಿಡ್ತಾರೆ. ಶಕ್ತಿ ಹೆಚ್ಚಾಗಿ ಕೂರೋದು ಆ ಗ್ಯಾಪಿನಲ್ಲೇ. ಐರನ್ ಪೌಡರ್ ಕೋರ್‌ನಲ್ಲಿ ಗ್ಯಾಪ್ ಪುಡಿಯ ಕಣಗಳ ನಡುವೆಯೇ ಹಂಚಿಹೋಗಿರ್ತದೆ, ಹಾಗಾಗಿ ಅದು ನಿಧಾನಕ್ಕೆ ಸ್ಯಾಚುರೇಟ್ ಆಗ್ತದೆ. ಫ್ರೀಕ್ವೆನ್ಸಿ ಏರಿದಂತೆ ಬಿಸಿ ಮಾತ್ರ ಜಾಸ್ತಿ. ಹಳೇ ಕಂಪ್ಯೂಟರ್ ಪವರ್ ಸಪ್ಲೈ ಬಿಚ್ಚಿದ್ರೆ ಸಿಗೋ ಹಳದಿ-ಬಿಳಿ ಉಂಗುರ ಸಾಮಾನ್ಯವಾಗಿ ಇದೇ ಜಾತಿ. ಸೆಂಡಸ್ಟ್ ನಷ್ಟದಲ್ಲಿ ಇವೆರಡರ ನಡುವಿನದು. ಯಾವುದೂ ಕೆಟ್ಟದ್ದಲ್ಲ, ಕೆಲಸ ನೋಡಿ ಆರಿಸಬೇಕು ಅಷ್ಟೇ.

ನಮ್ಮ ಲ್ಯಾಬಿನ ಡಬ್ಬಿಗಳ ಮೇಲೆ ಮೈಕ್ರೋಹೆನ್ರಿ ಮಾತ್ರ ಬರೆದಿದೆ. ಅದರ ಪಕ್ಕ ಸ್ಯಾಚುರೇಶನ್ ಕರೆಂಟ್, ರೆಸಿಸ್ಟೆನ್ಸ್, ಕೋರ್ ಹೆಸರು ಕೂಡ ಬರೆಯೋಣ ಅಂತ ನಮ್ಮ ಮನವಿ. ಡೇಟಾಶೀಟ್ ಇರೋದಕ್ಕೆ ಅದನ್ನು ನೋಡಿ, ಇಲ್ಲದ್ದಕ್ಕೆ ಅಳೆದು. ವೈವಾದಲ್ಲೂ ಸೂತ್ರ ಕೇಳಿದ ಮೇಲೆ "ಈ ಕಾಯಿಲ್ ಎಷ್ಟು ಆಂಪಿಯರ್ ತಡೀತದೆ?" ಅಂತ ಒಂದು ಪ್ರಶ್ನೆ ಇರಲಿ. ಒಂದು ಸಂಜೆ ಕೂತ್ರೆ ಲೇಬಲ್ ಕೆಲಸ ಮುಗೀತದೆ. ನಾವು ಮಾರ್ಕರ್ ತರ್ತೀವಿ, ನೀವೂ ಬರ್ರಿ.