ಇತಿಹಾಸದ ಸಭೆಯಲ್ಲಿ ನಮ್ಮ ಕುರ್ಚಿ ಖಾಲಿಯೇಕೆ?

ನಮ್ಮ ಪಟ್ಟಣಗಳಲ್ಲಿ ಆಗೊಮ್ಮೆ ಈಗೊಮ್ಮೆ ಇತಿಹಾಸದ ಸಭೆಗಳು ನಡೆಯುತ್ತವೆ. ಕಾಲೇಜಿನ ಸಭಾಂಗಣದಲ್ಲಿಯೋ ವಸ್ತುಸಂಗ್ರಹಾಲಯದ ಅಂಗಳದಲ್ಲಿಯೋ ಒಂದು ಶಾಸನದ, ಒಂದು ಕೋಟೆಯ ಅಥವಾ ಒಂದು ಕೆರೆಯ ಕುರಿತು ಉಪನ್ಯಾಸವಿರುತ್ತದೆ. ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಆದರೆ ಅಲ್ಲಿ ಕುಳಿತ ಕೇಳುಗರಲ್ಲಿ ಮುಸ್ಲಿಮರನ್ನು ಹುಡುಕಬೇಕಾಗುತ್ತದೆ. ಅದೇ ಇತಿಹಾಸ ವಿವಾದವಾಗಿ ಬೀದಿಗೆ ಬಂದಾಗ ಮಾತ್ರ ಹೇಳಿಕೆ ಕೊಡುವವರಿಗೂ ಪ್ರತಿಭಟಿಸುವವರಿಗೂ ನಮ್ಮಲ್ಲಿ ಕೊರತೆಯಿಲ್ಲ. ಇತಿಹಾಸ ರೂಪುಗೊಳ್ಳುವಲ್ಲಿ ಗೈರುಹಾಜರಾಗಿದ್ದು, ಅದು ತಿರುಚಲ್ಪಟ್ಟ ಬಳಿಕ ಎಚ್ಚೆತ್ತುಕೊಳ್ಳುವ ಈ ಅಭ್ಯಾಸದ ಕುರಿತು ನಾವು ಗಂಭೀರವಾಗಿ ಆಲೋಚಿಸಬೇಕಾಗಿದೆ.

ಇಂಥ ಸಭೆಗಳಿಂದ ಏನಾದೀತು ಎಂಬ ಉಪೇಕ್ಷೆ ಸಲ್ಲದು. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ ಆರಂಭವಾದಾಗ ಅದು ಕೆಲವು ಆಸಕ್ತರ ಕೂಟವಷ್ಟೇ ಆಗಿತ್ತು. ಮುಂದೆ ಅದಕ್ಕೆ ಡೇಲಿ ಹಾಲ್ ಎಂಬ ಸ್ವಂತ ಕಟ್ಟಡವಾಯಿತು, ಗ್ರಂಥಾಲಯವಾಯಿತು. ಅದರ ತ್ರೈಮಾಸಿಕ ಪತ್ರಿಕೆ ವಿದ್ವಾಂಸರ ಆಕರವಾಯಿತು. ಸಭೆಯಲ್ಲಿ ಒಬ್ಬರು ಪ್ರಬಂಧ ಓದುತ್ತಾರೆ, ಕೇಳುಗರು ಪ್ರಶ್ನಿಸುತ್ತಾರೆ, ಪ್ರಬಂಧ ಮುದ್ರಣಗೊಳ್ಳುತ್ತದೆ. ವರ್ಷಗಳ ನಂತರ ಪಠ್ಯಪುಸ್ತಕ ಬರೆಯುವವನು ಅದನ್ನೇ ತೆರೆದು ನೋಡುತ್ತಾನೆ. ಆ ಪ್ರಶ್ನೆ ಕೇಳುವ ಘಳಿಗೆಯಲ್ಲಿ ನಾವು ಅಲ್ಲಿರಲಿಲ್ಲವೆಂದಾದರೆ, ಪಠ್ಯದಲ್ಲಿ ನಾವಿಲ್ಲ ಎಂಬ ದೂರಿಗೆ ಎಷ್ಟು ಬಲವಿದೆ?

ಶೃಂಗೇರಿಯ ಪತ್ರಗಳನ್ನೇ ತೆಗೆದುಕೊಳ್ಳಿ. 1791ರಲ್ಲಿ ಮರಾಠಾ ಸೇನೆಯ ತುಕಡಿಗಳು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸುಲ್ತಾನರು ಮಠದ ಪುನರುದ್ಧಾರಕ್ಕೆ ನೆರವಾದರು. ಸ್ವಾಮಿಗಳಿಗೆ ಅವರು ಬರೆದ ಕನ್ನಡ ಪತ್ರಗಳನ್ನು 1916ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಟಿಪ್ಪುವನ್ನು ಸಮರ್ಥಿಸುವ ನಮ್ಮ ಪ್ರತಿಯೊಬ್ಬ ಭಾಷಣಕಾರರೂ ಇಂದು ಉಲ್ಲೇಖಿಸುವುದು ಆ ಪತ್ರಗಳನ್ನೇ. ಆದರೆ ಶತಮಾನಕ್ಕೂ ಹೆಚ್ಚು ಕಾಲ ಅವನ್ನು ಜೋಪಾನ ಮಾಡಿದವರು ಯಾರು? ಮಠದವರು. ಓದಿ ಜಗತ್ತಿಗೆ ತಿಳಿಸಿದವರು ಯಾರು? ನರಸಿಂಹಾಚಾರ್. ನಮ್ಮ ಪರವಾದ ಅತ್ಯಂತ ಪ್ರಬಲ ಸಾಕ್ಷ್ಯವನ್ನು ನೆರೆಯವರು ಕಾಪಾಡಿದರು. ನೆರೆಯವರ ಪರವಾದ ಎಷ್ಟು ಸಾಕ್ಷ್ಯಗಳನ್ನು ನಾವು ಕಾಪಾಡಿದ್ದೇವೆ?

ಸಭೆಗೆ ಹೋಗುವುದೆಂದರೆ ನಮಗೆ ಹಿತವಾದುದನ್ನು ಮಾತ್ರ ಕೇಳಲು ಹೋಗುವುದಲ್ಲ. 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ನೆನಪು ಆ ಸಮುದಾಯದ ಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಶೃಂಗೇರಿಯ ಪತ್ರವನ್ನು ಒಪ್ಪಬೇಕೆಂದು ಇತರರನ್ನು ಕೇಳುವವರು ಆ ನೋವನ್ನೂ ಸಹನೆಯಿಂದ ಆಲಿಸಬೇಕು. ಪರಿಶೀಲಿಸದೆ ಸುದ್ದಿಯನ್ನು ನಂಬುವ ಚರಿತ್ರೆಕಾರರನ್ನು ಇಬ್ನ್ ಖಲ್ದೂನ್ 14ನೇ ಶತಮಾನದಲ್ಲಿಯೇ ತಮ್ಮ ‘ಮುಖದ್ದಿಮ’ದಲ್ಲಿ ಟೀಕಿಸಿದ್ದರು. ಆ ಮಾನದಂಡ ಎದುರಾಳಿಗೆ ಮಾತ್ರವಲ್ಲ, ನಮಗೂ ಅನ್ವಯಿಸುತ್ತದೆ.

ಶ್ರೀರಂಗಪಟ್ಟಣ 1799ರಲ್ಲಿ ಪತನವಾದ ಬಳಿಕ ಟಿಪ್ಪುವಿನ ಗ್ರಂಥಾಲಯದ ಸುಮಾರು ಎರಡು ಸಾವಿರ ಸಂಪುಟಗಳು ಕಂಪೆನಿಯ ವಶವಾದವು. ಚಾರ್ಲ್ಸ್ ಸ್ಟೀವರ್ಟ್ ತಯಾರಿಸಿದ ಅದರ ವಿವರಪಟ್ಟಿ 1809ರಲ್ಲಿ ಪ್ರಕಟವಾಯಿತು. ಬಿಜಾಪುರದ ಅಸರ್ ಮಹಲಿನ ಹಸ್ತಪ್ರತಿಗಳೂ 19ನೇ ಶತಮಾನದಲ್ಲಿ ಲಂಡನ್ ಸೇರಿದವು. ಇದು ಸೋತವರ ನಷ್ಟ ಎಂದು ನಿಟ್ಟುಸಿರು ಬಿಡಬಹುದು. ಆದರೆ ಹಳೆಯ ಮಸೀದಿಯನ್ನು ಕೆಡವಿ ಹೊಸದನ್ನು ಕಟ್ಟುವಾಗ ಬರಹವಿರುವ ಕಲ್ಲನ್ನು ಗಾರೆಯಡಿ ಮುಚ್ಚುವವರು ಯಾರು? ಕೆತ್ತನೆಯ ಮರದ ಕಂಬಗಳನ್ನು ಮಾರುವವರು, ಜಮಾಅತಿನ ಹಳೆಯ ಲೆಕ್ಕಪುಸ್ತಕಗಳನ್ನು ಗುಜರಿಗೆ ಹಾಕುವವರು ಯಾರು? ಇಲ್ಲಿ ಯಾವ ಕಂಪೆನಿ ಸರಕಾರವೂ ಇಲ್ಲ, ನಾವೇ ಇದ್ದೇವೆ.

ಇದು ಬರಿಯ ಹವ್ಯಾಸದ ಮಾತಲ್ಲ. 2025ರ ವಕ್ಫ್ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಾಗ ವಕ್ಫ್ ಆಸ್ತಿಗಳ ವಿವರವನ್ನು ‘ಉಮೀದ್’ ಜಾಲತಾಣದಲ್ಲಿ ದಾಖಲಿಸಬೇಕಾಗಿ ಬಂತು. ಆ ಕಾಯ್ದೆಯ ಕುರಿತ ಆಕ್ಷೇಪಗಳ ಚರ್ಚೆ ಬೇರೆ. ಆದರೆ ಗಡುವು ಎದುರಿಗೆ ಬಂದು ನಿಂತಾಗ ಕಾಗದ ಹುಡುಕಲು ಹೊರಡುವ ಸಮುದಾಯಕ್ಕೂ ಅದನ್ನು ಮೊದಲೇ ಜೋಡಿಸಿಟ್ಟುಕೊಂಡ ಸಮುದಾಯಕ್ಕೂ ಇರುವ ವ್ಯತ್ಯಾಸವನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಇತಿಹಾಸದ ದಾಖಲೆಯೂ ಹಕ್ಕಿನ ದಾಖಲೆಯೂ ಹಲವು ಸಲ ಒಂದೇ ಹಾಳೆಯಲ್ಲಿರುತ್ತವೆ.

ಇತಿಹಾಸವೆಂದರೆ ಸುಲ್ತಾನರ ಕತ್ತಿಯಷ್ಟೇ ಎಂಬ ಭ್ರಮೆಯಿಂದಲೂ ನಾವು ಹೊರಬರಬೇಕು. ಬಂಟ್ವಾಳದ ಬಿ.ಸಿ. ರೋಡಿನಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯದಲ್ಲಿ ಹಿರಿದಾದ ಸ್ಥಾನವಿರುವುದು ಜನಸಾಮಾನ್ಯರು ಬಳಸಿದ ಪರಿಕರಗಳಿಗೆ. ಅಂಥ ವಸ್ತುಗಳು ನಮ್ಮ ಮನೆಗಳಲ್ಲಿ ಇಲ್ಲವೇ? ಬಿದ್ರಿ ಕುಸುರಿಯವನ ಉಳಿ, ಬೀಡಿ ಕಟ್ಟುವ ತಾಯಂದಿರ ಮೊರ, ಅಜ್ಜನ ವ್ಯಾಪಾರದ ಲೆಕ್ಕ, ಮುಂಬೈಯಿಂದ ಹಡಗಿನಲ್ಲಿ ಹಜ್ಜ್‌ಗೆ ಹೋದವರ ಚೀಟಿ ಇವೆಲ್ಲವೂ ಇತಿಹಾಸವೇ. ಆ ಹಜ್ಜ್ ಹಡಗುಗಳು 1995ಕ್ಕೆ ನಿಂತವು. ಅದರಲ್ಲಿ ಪಯಣಿಸಿದವರ ಪೀಳಿಗೆಯೂ ಕಣ್ಮರೆಯಾಗುತ್ತಿದೆ. ಯಾವ ಪೆಟ್ಟಿಗೆಯಲ್ಲಿ ಏನಿದೆಯೆಂದು ಬಲ್ಲವರು ಮನೆಯ ಹಿರಿಯ ಸ್ತ್ರೀಯರು. ಆದ್ದರಿಂದ ಇತಿಹಾಸದ ಸಭೆಗೆ ಅವರನ್ನು ಮನೆಯಲ್ಲಿ ಬಿಟ್ಟು ಹೋಗುವುದು ಅರ್ಧ ಇತಿಹಾಸವನ್ನು ಬಿಟ್ಟು ಹೋದಂತೆ.

ಮಾಡಬೇಕಾದುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಪ್ರತಿ ಜಮಾಅತ್ ತನ್ನ ಹಳೆಯ ಪತ್ರಗಳನ್ನೂ ಶಾಸನಗಳನ್ನೂ ಛಾಯಾಚಿತ್ರ ತೆಗೆಸಿಡಲಿ. ಮೂಲಪ್ರತಿ ನಮ್ಮಲ್ಲಿಯೇ ಇರಲಿ, ನಕಲು ಊರಿನ ಇತಿಹಾಸಾಸಕ್ತರ ಕೈಸೇರಲಿ. ಪರ್ಷಿಯನ್ ಮತ್ತು ಹಳೆಯ ಉರ್ದು ಓದಬಲ್ಲ ಮೌಲಾನಾಗಳು ಸಂಶೋಧಕರ ಪಕ್ಕದಲ್ಲಿ ಕುಳಿತುಕೊಳ್ಳಲಿ. ರಜೆಯಲ್ಲಿ ಗೋಲಗುಮ್ಮಟಕ್ಕೆ ಹೋಗುವ ಕುಟುಂಬ ಪಿಸುಗುಡುವ ಗ್ಯಾಲರಿಯಲ್ಲಿ ಕೂಗಿ ಹಿಂದಿರುಗದೆ, ಅದರ ಮುಂದಿನ ನಖ್ಖಾರ್ ಖಾನಾದಲ್ಲಿರುವ ವಸ್ತುಸಂಗ್ರಹಾಲಯದಲ್ಲೂ ಒಂದು ತಾಸು ನಿಲ್ಲಲಿ. ಊರಿನ ಇತಿಹಾಸ ಕೂಟದ ಒಂದು ಉಪನ್ಯಾಸಕ್ಕೆ ಮಸೀದಿಯ ಸಭಾಂಗಣವೂ ತೆರೆದುಕೊಳ್ಳಲಿ.

ನಮ್ಮನ್ನು ಇತಿಹಾಸದಿಂದ ಅಳಿಸಲಾಗುತ್ತಿದೆ ಎಂಬ ಕಳವಳ ಆಧಾರರಹಿತವಲ್ಲ. ಆದರೆ ಅಳಿಸುವ ಕೈಯನ್ನು ದೂರುತ್ತ ಕುಳಿತರೆ ಬರೆಯುವ ಕೆಲಸ ಬಾಕಿ ಉಳಿಯುತ್ತದೆ. ನಿಮ್ಮ ಪಟ್ಟಣದಲ್ಲಿ ಮುಂದಿನ ಸಲ ಇಂಥ ಸಭೆ ನಡೆದಾಗ ಮಕ್ಕಳೊಂದಿಗೆ ಹೋಗಿ ಕುಳಿತುಕೊಳ್ಳಿ. ಸಾಧ್ಯವಾದರೆ ಪೆಟ್ಟಿಗೆಯಲ್ಲಿರುವ ಆ ಹಳೆಯ ಕಾಗದವನ್ನೂ ಒಯ್ಯಿರಿ. ಅದರಲ್ಲಿರುವುದು ನಿಮ್ಮ ಕುಟುಂಬದ ಕಥೆ ಮಾತ್ರವಲ್ಲದಿರಬಹುದು, ಇಡೀ ಊರು ಹುಡುಕುತ್ತಿರುವ ಉತ್ತರವೂ ಆಗಿರಬಹುದು.