ಪೇಟಿ ಮಾರಿದ್ರ ತಪ್ಪೇನು?

ನಮ್ಮ ಅತ್ತಿಯವರು ತಮ್ಮ ಹಾರ್ಮೋನಿಯಂ ಮಾರಿದ ಸುದ್ದಿ ಕೇಳಿ ಈ ವಾರದಾಗ ನಿಮ್ಮೊಳಗಿನ ಐದಾರು ಮಂದಿ ಫೋನ್ ಮಾಡಿದ್ರಿ. ಒಬ್ಬರು "ಮನ್ಯಾಗಿನ ಸರಸ್ವತೀನ ಮಾರಿದ್ರೇನ?" ಅಂದ್ರು. ಇನ್ನೊಬ್ಬರು ದನಿ ಸಣ್ಣದು ಮಾಡಿ "ರೊಕ್ಕದ್ದು ಅಷ್ಟು ಅಡಚಣಿ ಆಗಿತ್ತೇನು?" ಅಂತ ಕೇಳಿದ್ರು. ಒಬ್ಬೊಬ್ಬರಿಗೆ ಬ್ಯಾರೆಬ್ಯಾರೆ ಹೇಳೂದಕಿಂತ ಇಲ್ಲೇ ಬರದು ಬಿಡ್ತೀನಿ. ಅಡಚಣಿ ಏನೂ ಇಲ್ಲ. ಮಾರಿದವರು ಅವರಽ, ನಾನೂ ಅಲ್ಲ, ನಮ್ಮವರೂ ಅಲ್ಲ. ಅವರು ಮಾಡಿದ್ದು ಬರೋಬ್ಬರಿ ಅದ ಅಂತ ನನ್ನ ಮತ.

ಮೊದಲ ಆ ಪೇಟಿ ಯಾರದು ಅನ್ನೂದು ಗೊತ್ತಿರಲಿ. ಗದಗಿನ್ಯಾಗ ಒಂದು ನಾಟಕ ಕಂಪನಿ ಮುಚ್ಚಿದಾಗ ಅಲ್ಲಿಯ ಪೇಟಿ ಮಾಸ್ತರರಿಂದ ಅತ್ತಿಯವರ ಅಪ್ಪ 1955ರಾಗ ಅದನ್ನ ಕೊಂಡಿದ್ರು. ಆಗ ಅತ್ತಿಯವರು ಹದಿಮೂರು ವರ್ಷದ ಹುಡುಗಿ. 1962ರಾಗ ಲಗ್ನ ಆಗಿ ಧಾರವಾಡಕ್ಕ ಬರೂ ಮುಂದ ಬಂಗಾರದ ಜೋಡಿ ಅದೂ ಬಂತು. ಬಂಗಾರದ ಲೆಕ್ಕ ಎರಡೂ ಕಡಿಯವರು ಬರಕೊಂಡಿದ್ರು. ಪೇಟಿ ಯಾರೂ ಬರಕೊಳ್ಳಲಿಲ್ಲ. ಮುಂದ ಮಾವನವರು ತೀರಿಕೊಂಡ ಮ್ಯಾಲೆ ಪಾಲು ಆದಾಗ ಹಂಡೆ, ಕೊಪ್ಪರಿಗಿ, ತೂಗುಮಂಚ ಎಲ್ಲಾ ಯಾದಿ ಮಾಡಿದ್ರಲ್ಲ, ಅದರಾಗೂ "ಹಳೇ ಸಾಮಾನು" ಅನ್ನೂ ಸಾಲಿನ್ಯಾಗ ಅದು ಅಡಗಿ ಹೋಗಿತ್ತು. ಈಗ ಮಾರಿದ ಮ್ಯಾಲೆ ಅದು ಎಲ್ಲಾರ ಸರಸ್ವತಿ ಆತು ನೋಡ್ರಿ.

ಆ ಪೇಟಿ ಮ್ಯಾಲೆ ಅತ್ತಿಯವರು ಮೂವತ್ತು ವರ್ಷ ಓಣಿಯ ಹುಡಿಗೇರಿಗೆ ಹಾಡು ಕಲಿಸ್ಯಾರ. ಮಧ್ಯಾಹ್ನ ಮೂರರಿಂದ ನಾಕೂವರಿ, ಗಂಡಸರು ಮನಿಗೆ ಬರೂದ್ರೊಳಗ. ಆ ಫೀಸಿನ್ಯಾಗ ನಮ್ಮವರ, ನಮ್ಮ ನಾದ್ನಿಯವರ ಪಾಟೀಚೀಲ, ನೋಟಬುಕ್ಕು ಬಂದಾವ. ಇದನ್ನ ಯಾರೂ ಗಳಿಕಿ ಅಂತ ಅನ್ನಲಿಲ್ಲ, ಅತ್ತಿಯವರೂ ಅನ್ನಲಿಲ್ಲ. "ಹೊತ್ತು ಹೋಗಲಿ ಅಂತ ಕಲಸ್ತಿದ್ದೆ" ಅಂತಾರ. ಹೊತ್ತು ಹೋಗದೇ ಇರಲಿಕ್ಕೆ ಆ ಮನ್ಯಾಗ ಹನ್ನೊಂದು ಮಂದಿ ಊಟದ ಎಲಿ ಇದ್ವು!

ಇನ್ನೊಂದು ಮಾತು. ಅವರು ಕಲಿಯೂ ಕಾಲಕ್ಕ ಹಾರ್ಮೋನಿಯಂಗ ದೊಡ್ಡ ಮಾನ ಇರಲಿಲ್ಲ. 1940ರಿಂದ 1971ರ ತನಕ ಆಕಾಶವಾಣಿಯೊಳಗ ಅದಕ್ಕ ಪ್ರವೇಶನಽ ಇರಲಿಲ್ಲ. ಪರದೇಶದ ವಾದ್ಯ, ಸ್ವರದಿಂದ ಸ್ವರಕ್ಕ ಜಾರೂ ಮೀಂಡ ಅದರಾಗ ಬರೂದಿಲ್ಲ, ನಮ್ಮ ಶ್ರುತಿಗೆ ಕೂಡೂದಿಲ್ಲ ಅನ್ನೂದು ಕಾರಣ. ನಮ್ಮ ಧಾರವಾಡದ ಆಕಾಶವಾಣಿ 1950ರಾಗ ಶುರು ಆದಾಗೂ ಅದಽ ಕಾಯದೆ. ಆದ್ರ ನಾಟಕ, ಭಜನಿ, ಕೀರ್ತನಿ, ಮನಿಯ ಹಾಡು, ಎಲ್ಲಾ ನಡದದ್ದು ಪೇಟಿ ಮ್ಯಾಲೆನಽ. ಬೆಳಗಾವಿಯ ರಾಮಭಾವು ವಿಜಾಪುರೆಯವರಂಥವರು ಅದರ ಮ್ಯಾಲೆ ಇಡೀ ಆಯುಷ್ಯ ಕಳದ್ರು. ಹೆಣ್ಣಮಕ್ಕಳಿಗಂತೂ ಅದು ಭಾಳ ಅನುಕೂಲ. ತಂಬೂರಿ ಬಾರಿಸ್ಲಿಕ್ಕೆ ಬ್ಯಾರೆಯವರು ಬೇಕಿಲ್ಲ, ಎಡಗೈಲೆ ಭಾತಾ ಒತ್ತೂದು, ಬಲಗೈಲೆ ಬಾರಿಸೂದು, ಬಾಯಿಲೆ ಹಾಡೂದು.

ಮತ್ತ ಯಾಕ ಮಾರಿದ್ರು ಅಂದ್ರ, ನಾಕು ವರ್ಷದಿಂದ ಅವರ ಬೊಟ್ಟು ಮಡಚೂದಿಲ್ಲ. ಸಂದುವಾತ. ಪೇಟಿ ಖೋಲ್ಯಾಗ ಮಂಚದ ಕೆಳಗಿತ್ತು. ಹಾರ್ಮೋನಿಯಂ ಸುಮ್ಮನ ಇಟ್ರ ಕೆಡೂ ವಸ್ತು, ಇದು ಎಷ್ಟೋ ಮಂದಿಗೆ ಗೊತ್ತಿಲ್ಲ. ಒಳಗ ಗಾಳಿಗೆ ನಡಗೂ ಸಣ್ಣ ಹಿತ್ತಾಳಿ ನಾಲಗಿ ಇರತಾವ. ನಮ್ಮದು ಮೂರೂವರಿ ಸಪ್ತಕದ, 42 ಮನಿಯ, ಜೋಡಿ ಸ್ವರದ ಪೇಟಿ, ಅಂದ್ರ 84 ನಾಲಗಿ. ಬಾರಿಸದೆ ಇಟ್ರ ಅವುಕ್ಕ ಧೂಳಿ ಕೂಡತದ, ಕಿಲುಬು ಹಿಡೀತದ. ನಮ್ಮ ಧಾರವಾಡದ ಮಳಿಗಾಲದಾಗ ಕಟ್ಟಿಗಿ ಉಬ್ಬಿ ಮನಿ ಒತ್ತಿದ್ದು ಮ್ಯಾಲೆ ಏಳೂದಿಲ್ಲ. ಭಾತಾದ ತೊಗಲು ಇಲಿ, ಜೊಂಡಿಗ್ಯಾಗ ಹಬ್ಬದೂಟ. ದಿನಾ ಅರ್ಧಾ ತಾಸು ಬಾರಿಸಿದ್ರ ಇದ್ಯಾವುದೂ ಇಲ್ಲ.

ಪುಣೇದಾಗಿನ ನಮ್ಮ ಭಾವನವರ ಮಗ "ನನಗ ಕೊಡ್ರಿ, ಹಾಲಿನ್ಯಾಗ ಇಟ್ಟು ಮ್ಯಾಲೆ ದೀಪ ಹಾಕಸ್ತೀನಿ, ಆಂಟಿಕ್ ಕಾಣಸ್ತದ" ಅಂದ. ಪ್ರೀತಿಲೆನಽ ಅಂದ, ಹುಡುಗ ಛೊಲೊ ಇದ್ದಾನ. ಆದ್ರ ಅವನ ಮನ್ಯಾಗ ಒಬ್ಬರಿಗೂ ಸಾ ಎಲ್ಲೆ ಅದ ಗೊತ್ತಿಲ್ಲ. ಅತ್ತಿಯವರು "ಹೆಣಾ ಸಿಂಗಾರ ಮಾಡಿ ಕೂಡಸೂದು ಬ್ಯಾಡಪಾ" ಅಂದುಬಿಟ್ರು. ಫೋನ್ ಆ ಕಡೆ ಗಪ್ಪಾತು. ನನಗ ನಗಿ ತಡೀಲಿಲ್ಲ.

ಇನ್ನ "ದಾನಾ ಕೊಡಬೇಕಿತ್ತು" ಅಂದವರಿಗೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಂಥಾ ಜಾಗಾಕ್ಕ, ಕಣ್ಣಿಲ್ಲದ ಮಕ್ಕಳಿಗೆ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ವಿದ್ಯಾ ಕೊಟ್ಟ ಜಾಗಾಕ್ಕ ಕೊಟ್ರ ಪುಣ್ಯ ಅದ, ಅಲ್ಲ ಅನ್ನೂದಿಲ್ಲ. ಆದ್ರ ಒಂದು ಕೇಳ್ತೀನಿ. ಮಾವನವರ ಸ್ಕೂಟರ್ ಮಾರಿದಾಗ ಯಾರರೆ ದಾನಾ ಕೊಡ್ರಿ ಅಂದ್ರೇನು? ತ್ವಾಟದ ಪಂಪಸೆಟ್ ಮಾರಿದಾಗ? ಅವಕ್ಕ ಪ್ಯಾಟಿ ಬೆಲಿ ಕೇಳಿ, ಚೌಕಾಶಿ ಮಾಡಿ, ರೊಕ್ಕಾ ಎಣಸಿ ತಗೊಂಡ್ವಿ. ಹೆಂಗಸಿನ ವಸ್ತು ಬಂದ ಕೂಡಲೆ ದಾನ, ನೆನಪು, ಸರಸ್ವತಿ ಎಲ್ಲಾ ನೆನಪಾಗತದ. ಹೊಲಗಿ ಮಶೀನಿಗೂ ಹಿಂಗಽ ಆಗತದ, ರೇಶ್ಮಿ ಸೀರಿಗೂ ಹಿಂಗಽ. ಬೆಲಿ ಕಟ್ಟಿದ್ರ ಪ್ರೀತಿ ಕಡಿಮಿ ಆತು ಅಂತ ತಿಳೀತಾರ. ನಾ ಒಪ್ಪೂದಿಲ್ಲ. ಅರವತ್ತು ವರ್ಷ ಜ್ವಾಕಿ ಮಾಡಿದ ವಸ್ತುವಿಗೆ ಬೆಲಿ ಬರಬೇಕು. ಬಂದದ್ದು ಜ್ವಾಕಿ ಮಾಡಿದವರ ಕೈಗೆ ಹೋಗಬೇಕು.

ಆದ್ರ ಯಾರಿಗೆ ಮಾರೂದು ಅನ್ನೂದರಾಗ ಎಚ್ಚರ ಇರಬೇಕು, ನೀವೂ ಮುಂದ ಮಾರೂದಿದ್ರ ಇದನ್ನ ಕೇಳ್ರಿ. ಮೊದಲ ಒಬ್ಬ ಹಳೇ ಸಾಮಾನಿನ ವ್ಯಾಪಾರಿ ಬಂದ. ಬಾರಿಸಿ ನೋಡಲಿಲ್ಲ. ಮ್ಯಾಲಿನ ಹಲಗಿ ತಗಸಿ, ಬ್ಯಾಟರಿ ಬಿಟ್ಟು, ಒಳಗಿನ ಹಿತ್ತಾಳಿ ಮ್ಯಾಲೆ ಏನು ಮುದ್ರಿ ಅದ ಅಂತ ಹುಡಕಿದ. ಹಾರ್ಮೋನಿಯಂ ಹುಟ್ಟಿದ್ದು ಫ್ರಾನ್ಸಿನ್ಯಾಗ. ನೆಲದ ಮ್ಯಾಲೆ ಕೂತು ಬಾರಿಸೂ ನಮ್ಮ ಕೈಪೇಟಿ ಆದದ್ದು ಕಲಕತ್ತಾದಾಗ, ದ್ವಾರಕಾನಾಥ ಘೋಷ್ ಅನ್ನವರ ಕೈಯಾಗ. ಡಬ್ಬಿ ಇಲ್ಲೇ ಮಾಡಿದ್ರೂ ಹಳೇ ಪೇಟಿಯೊಳಗಿನ ಸ್ವರ ಎಷ್ಟೋ ಸಲ ಪ್ಯಾರಿಸ್ಸಿನವು, ಇಲ್ಲಾ ಜರ್ಮನಿಯವು. ಈಗ ಗುಜರಾತದ ಪಾಲಿಟಾಣಾದಾಗ ಛೊಲೊ ಸ್ವರ ಮಾಡ್ತಾರ, ಆದ್ರೂ ಹಳೇ ಹಿತ್ತಾಳಿಯ ದನಿಗೆ ಹುಡಕೂ ಮಂದಿ ಇದ್ದಽ ಇದ್ದಾರ. ನಮ್ಮದರಾಗ ಪ್ಯಾರಿಸ್ಸಿನ ಮುದ್ರಿ ಇತ್ತು. ಅವ 7,000 ಕೊಡ್ತೀನಿ ಅಂದ. ಅತ್ತಿಯವರು "ತಗೊಂಡು ಏನು ಮಾಡ್ತೀಪಾ?" ಅಂದ್ರು. ಅವ ಸುಳ್ಳು ಹೇಳಲಿಲ್ಲ, ಪಾಪ. ಸ್ವರ ಬಿಚ್ಚಿ ಹೊಸಾ ಪೇಟಿಗೆ ಹಾಕಸ್ತೀನಿ, ಡಬ್ಬಿ ಯಾರಿಗೂ ಬ್ಯಾಡ ಅಂದ. ಅತ್ತಿಯವರು ಹಲಗಿ ತಾವಽ ಮುಚ್ಚಿದ್ರು.

ಅದಕ್ಕ ಹೇಳ್ತೀನಿ, ಕೊಳ್ಳಲಿಕ್ಕೆ ಬಂದವರು ಮೊದಲ ಬಾರಿಸಿ ನೋಡ್ತಾರೋ ಬಿಚ್ಚಿ ನೋಡ್ತಾರೋ, ಅದನ್ನ ನೋಡ್ರಿ. ಮಾರೂಕಿಂತ ಮೊದಲ ರಿಪೇರಿಯವರಿಂದ ಭಾತಾ ಹೊಂದಿಸಿಕೊಳ್ರಿ. ಗಾಳಿ ಸೋರೂ ಪೇಟಿಗೆ ಅರ್ಧಾ ಬೆಲಿನೂ ಬರೂದಿಲ್ಲ. ನಮಗ 2,800 ಆತು. ಹೊಸಾ ಪಾಲಿಶ್ ಮಾತ್ರ ಹೊಡಸಬ್ಯಾಡ್ರಿ, ಸ್ವರ ಬದಲಿ ಮಾಡಸಬ್ಯಾಡ್ರಿ. ಶ್ರುತಿ ಹಚ್ಚೂ ಮುಂದ ನಾಲಗಿಯ ತುದಿ ಕೆರದ್ರ ಸ್ವರ ಏರತದ, ಬುಡ ಕೆರದ್ರ ಇಳೀತದ. ಕೆರದದ್ದು ತಿರಗಿ ಬರೂದಿಲ್ಲ. ಅದಕ್ಕ ಗೊತ್ತಿದ್ದವರ ಕೈಗೆ ಅಷ್ಟಽ ಕೊಡ್ರಿ.

ಕಡೀಗೆ ತಗೊಂಡಾಕಿ ಹುಬ್ಬಳ್ಳಿಯಾಕಿ, ಮನ್ಯಾಗ ಹತ್ತು ಹನ್ನೆರಡು ಮಕ್ಕಳಿಗೆ ಹಾಡು ಕಲಸ್ತಾಳ. ನಾವು 20,000 ಹೇಳಿದ್ವಿ. ಆಕಿ ಕೂತು, ಭಾತಾ ತಗದು, ಕಾಳಿ ನಾಕರಿಂದ ಸಾ ಹಿಡದು ಭೂಪ ಬಾರಿಸಿದ್ಲು. ಅತ್ತಿಯವರದೂ ಕಾಳಿ ನಾಕಽ. ಆ ಕರೇ ಮನಿ ನಡು ಸವದು ತಗ್ಗು ಬಿದ್ದದ. ಆಕಿ ಬೊಟ್ಟು ಆ ತಗ್ಗಿನ್ಯಾಗ ಕೂತದ್ದು ನೋಡಿ ಅತ್ತಿಯವರು "ನಿನಗ 16,000, ಇನ್ನ ಕೆಳಗ ಒಂದು ರೂಪಾಯಿ ಇಳಿಸೂದಿಲ್ಲ" ಅಂದ್ರು. ಆಕಿ ಹದಿನಾಕು ಕೇಳಿದ್ಲು. ಇಳಸಲಿಲ್ಲ. ನನಗ ಭಾಳ ಹಿಡಸಿತು, ಎಂಬತ್ತೆರಡನೇ ವಯಸ್ಸಿನ್ಯಾಗ ಮೊದಲನೇ ಸಲ ಅವರು ರೊಕ್ಕದ ಮಾತಿನ್ಯಾಗ ಜಗ್ಗದಽ ಕೂತದ್ದು.

ಆ ರಾತ್ರಿ ಅತ್ತರೇನು ಅಂತ ಕೇಳಿದ್ರಿ. ಅತ್ತರು. ಊಟಾ ಬ್ಯಾಡ ಅಂದು, ಆಮ್ಯಾಲೆ ಎದ್ದು ಮೊಸರನ್ನ ಉಂಡ್ರು. ಮಗಳನ್ನ ಕೊಟ್ಟಾಗೂ ಅತ್ತಿದ್ರಲ್ಲ, ಆಗ ಯಾರೂ "ಯಾಕ ಕೊಟ್ರಿ?" ಅನ್ನಲಿಲ್ಲ.

ಹದಿನಾರು ಸಾವಿರದಾಗ ರಿಪೇರಿಯ 2,800 ನನಗ ತಿರಗಿ ಕೊಟ್ಟಾರ, ಬ್ಯಾಡಂದ್ರೂ ಕೇಳಲಿಲ್ಲ. ಉಳದದ್ದು ತಮ್ಮ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕ್ಯಾರ. ಏನು ಮಾಡ್ತಾರ ಅಂತ ನಾ ಕೇಳಿಲ್ಲ. ನೀವೂ ದೀಪಾವಳಿಗೆ ಬಂದಾಗ ಕೇಳಬ್ಯಾಡ್ರಿ. ಹಾಡು ಕೇಳ್ರಿ ಬೇಕಾದ್ರ, ದನಿ ಇನ್ನೂ ಗಟ್ಟಿ ಅದ. ಆ ಹುಬ್ಬಳ್ಳಿಯಾಕಿ ಪೇಟಿ ತಗೊಂಡು ತಿಂಗಳಿಗೊಮ್ಮೆ ಬರ್ತೀನಿ ಅಂದಾಳ, ಬಂದ್ರ ನಿಮಗೂ ಹೇಳಿ ಕಳಸ್ತೀನಿ.